ಅಷ್ಟು ದಿನ ಅಲ್ಲಿ ಏನು ಮಾಡಿದಿರಿ?

ಲಕ್ಷದ್ವೀಪದ ಕಡಮತ್‌ಗೆ ಹೋಗಿ ಬಂದೆ ಅಂದರೆ ಸಾಕು, ಮದುವೆ ಮನೆಯಲ್ಲಿರಲಿ, ಆಫೀಸಿನ ಕ್ಯಾಂಟೀನಿನಲ್ಲಿರಲಿ, ಬರುವ ಪ್ರಶ್ನೆ ಒಂದೇ: "ಅಲ್ಲಿ ಎಂತ ಉಂಟು ಮಾರಾಯ್ರೆ? ಅಷ್ಟು ದಿನ ಎಂತ ಮಾಡಿದ್ದು?" ಇದು ನಮ್ಮ ಮಂಗಳೂರಿನವರ ಧಾಟಿ. ಬೆಂಗಳೂರಿನ ಗೆಳೆಯರದ್ದು "ಬೋರ್ ಆಗ್ಲಿಲ್ವಾ?" 2024ರ ಜನವರಿಯಲ್ಲಿ ಪ್ರಧಾನಿ ಲಕ್ಷದ್ವೀಪಕ್ಕೆ ಹೋದ ಫೋಟೊಗಳು ಎಲ್ಲರ ಮೊಬೈಲಿಗೂ ಬಂದ ಮೇಲೆ "ಮಾಲ್ಡೀವ್ಸ್‌ಗಿಂತ ಚೆನ್ನಾಗಿದೆಯಾ?" ಎನ್ನುವುದೂ ಸೇರಿಕೊಂಡಿದೆ. ಮಾಲ್ಡೀವ್ಸ್ ನಾನು ನೋಡಿಲ್ಲ, ಅದನ್ನು ಬಿಡಿ. ಮೊದಲಿನದಕ್ಕೆ ಉತ್ತರ ಕೊಡಬಲ್ಲೆ.

ಏನೂ ಮಾಡಲಿಲ್ಲ ಅಂದರೆ ಸುಳ್ಳಾಗುತ್ತದೆ. ಕಾದೆ. ಐದು ದಿನಕ್ಕೆಂದು ಹೋದವನು ಏಳು ದಿನ ಇದ್ದು ಬಂದೆ. ಆ ಏಳರಲ್ಲಿ ಹೆಚ್ಚಿನ ಪಾಲು ಒಂದಲ್ಲ ಒಂದಕ್ಕೆ ಕಾಯುವುದರಲ್ಲೇ ಕಳೆಯಿತು. ನನ್ನ ತಲೆ ಹಗುರಾದದ್ದು ಕಡಲ ನೀಲಿಯಿಂದಲ್ಲ, ಈ ಕಾಯುವಿಕೆಯಿಂದ. ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಕಾಯುವುದು ಮನೆಯಿಂದಲೇ ಶುರುವಾಗುತ್ತದೆ. 1967ರ ನಿಯಮದ ಪ್ರಕಾರ ಹೊರಗಿನವರು ಪರವಾನಗಿ ಇಲ್ಲದೆ ಆ ದ್ವೀಪಗಳಲ್ಲಿ ಕಾಲಿಡುವ ಹಾಗಿಲ್ಲ. ಪೊಲೀಸರಿಂದ ಕಾಗದ, ಅರ್ಜಿ, ಫೋಟೊ, ಆಮೇಲೆ ಕೊಚ್ಚಿಯಿಂದ ಹೊರಡುವ ಹಡಗಿನ ಟಿಕೆಟು. ವಿಮಾನ ಇರುವುದು ಅಗತ್ತಿಗೆ ಮಾತ್ರ. ಒಟ್ಟು 36 ದ್ವೀಪ, ಜನ ಇರುವುದು ಹತ್ತರಲ್ಲಿ, ಎಲ್ಲ ಸೇರಿಸಿದರೂ ನೆಲ 32 ಚದರ ಕಿಲೋಮೀಟರ್.

ಒಂದು ರಾತ್ರಿ ಕಳೆದು ಬೆಳಿಗ್ಗೆ ಕಡಮತ್ ಕಂಡಿತು, ನೀರಿನ ಮೇಲೆ ಎಳೆದ ಹಸಿರು ಗೆರೆಯ ಹಾಗೆ. ನಮ್ಮ ಹಡಗು ದಡಕ್ಕೆ ಹೋಗಲಿಲ್ಲ, ಹೊರಗೇ ನಿಂತಿತು. ಅದರ ಮಗ್ಗುಲಲ್ಲಿ ಒಂದು ಬಾಗಿಲು ತೆರೆದರು. ಕೆಳಗೆ ಸಣ್ಣ ಬೋಟು, ಅಲೆಗೆ ಏರುತ್ತ ಇಳಿಯುತ್ತ ನಿಂತಿದೆ. ಇಬ್ಬರು ಹುಡುಗರು ಇಳಿಯುವವರ ರಟ್ಟೆ ಹಿಡಿದುಕೊಂಡು, ಬೋಟು ಮೇಲೆದ್ದು ಬಾಗಿಲ ಮಟ್ಟಕ್ಕೆ ಬರುವ ಗಳಿಗೆ ನೋಡಿ ದಾಟಿಸಿಬಿಡುತ್ತಾರೆ. ನನ್ನ ಮುಂದಿದ್ದ ಅಜ್ಜಿ ಸಿಟಿ ಬಸ್ಸಿನಿಂದ ಇಳಿದ ಹಾಗೆ ಇಳಿದು ಹೋಗಿ ಕೂತರು. ನಾನು ಅವಸರ ಮಾಡಿದೆ. ಬೋಟು ತಗ್ಗುವಾಗ ಕಾಲಿಟ್ಟು, ಯಾರದೋ ಮೊಟ್ಟೆಯ ಟ್ರೇಗಳಿಗೆ ಒಂದು ಗೇಣು ಆಚೆ ಬಿದ್ದೆ. ಮೊಟ್ಟೆಯೊಂದೂ ಒಡೆಯಲಿಲ್ಲ, ಮೊಣಕಾಲು ಮಾತ್ರ ತರಚಿತು. ಹುಡುಗ ನಗಲಿಲ್ಲ. "ಅಲೆ ಬರ್ತದೆ, ನಿಲ್ಲಬೇಕು" ಅಂತ ಮಲಯಾಳದಲ್ಲಿ ಹೇಳಿದ, ಅಷ್ಟೇ.

ಊರು ಉದ್ದಕ್ಕೆ ಒಂಬತ್ತು ಕಿಲೋಮೀಟರ್, ಅಗಲ ಹೆಚ್ಚೆಂದರೆ ಅರ್ಧ ಕಿಲೋಮೀಟರ್. ಪೂರ್ವದ ದಂಡೆಯಲ್ಲಿ ಸೂರ್ಯ ಹುಟ್ಟುವುದನ್ನು ನೋಡಿ, ತೆಂಗಿನ ತೋಟದ ನಡುವೆ ನಡೆದರೆ ಚಹಾ ಆರುವ ಮೊದಲು ಪಶ್ಚಿಮದ ದಂಡೆ. ಅಲ್ಲಿ ಹವಳದ ದಿಬ್ಬ ತಡೆದು ನಿಲ್ಲಿಸಿದ ತಿಳಿನೀರು, ಲಗೂನ್. ನೀರೊಳಗೆ ಮುಖ ಹಾಕಿದರೆ ಮೀನುಗಳು ಉಂಟು, ಆಮೆಗಳು ಉಂಟು. ಬೂದುಬಣ್ಣದ ಸತ್ತ ಹವಳವೂ ಉಂಟು, ಅದನ್ನು ಪ್ರವಾಸದ ಫೋಟೊಗಳಲ್ಲಿ ತೋರಿಸುವುದಿಲ್ಲ. 1998, 2010, 2016 ಮತ್ತೆ 2024ರಲ್ಲಿ ಕಡಲು ಬಿಸಿಯಾದಾಗ ಇಲ್ಲಿನ ಹವಳ ಬಿಳಿಚಿ ಹೋಗಿತ್ತು. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು ವರ್ಷಗಟ್ಟಲೆ ಈ ದ್ವೀಪಗಳ ನೀರಿನಲ್ಲಿ ಮುಳುಗಿ ಇದನ್ನೆಲ್ಲ ಲೆಕ್ಕ ಇಡುತ್ತಿದ್ದಾರೆ.

ಮೂರನೇ ದಿನ ಒಂದು ಅಂಗಡಿಯ ಮುಂದೆ ನೀರುಳ್ಳಿಯ ಗೋಣಿ ಕಂಡೆ, ಮೇಲೆ ಮಂಗಳೂರು ಬಂದರಿನ ಹೆಸರು. ಅಲ್ಲೇ ಬೆಂಚಿನ ಮೇಲೆ ಕೂತಿದ್ದ ಹಿರಿಯರು "ಮಂಗಲಾಪುರವಾ?" ಅಂದರು. ಬಂದರಿನಲ್ಲಿ ಮಂಜಿ ಎಂಬ ಸರಕಿನ ಹಡಗುಗಳಿಗೆ ಸಿಮೆಂಟು, ಜಲ್ಲಿ, ತರಕಾರಿ ತುಂಬುವುದನ್ನು ನಾನು ಸಣ್ಣದರಿಂದ ನೋಡಿದವನು. ಅವು "ದ್ವೀಪಕ್ಕೆ" ಹೋಗುತ್ತವೆ ಎನ್ನುತ್ತಿದ್ದರು, ಯಾವ ದ್ವೀಪವೆಂದು ಯಾವತ್ತೂ ಕೇಳಿರಲಿಲ್ಲ. ಇದೇ ದ್ವೀಪ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಇವು ಟಿಪ್ಪುವಿನ ಕೈಗೆ ಬಂದು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿಗೆ ಸೇರಿ, 1956ರ ನವೆಂಬರ್ 1ರ ತನಕ ದಕ್ಷಿಣ ಕನ್ನಡ ಜಿಲ್ಲೆಯದ್ದೇ ಭಾಗ. ಇಲ್ಲಿನ ತೆಂಗಿನ ನಾರಿನ ಹಗ್ಗ ಸರ್ಕಾರಕ್ಕೇ ಕೊಡಬೇಕು, ಸರ್ಕಾರ ಹೇಳಿದ ದರಕ್ಕೆ ಅಕ್ಕಿ ತಗೊಳ್ಳಬೇಕು ಎಂಬ ಕಾಲವೂ ಇತ್ತು. ಕಲೆಕ್ಟರು ಇದ್ದದ್ದು ಮಂಗಳೂರಲ್ಲಿ. ನಮ್ಮ ಪಾಠದಲ್ಲಿ ಇದೊಂದು ಸಾಲೂ ಇರಲಿಲ್ಲ ನೋಡಿ.

ಆ ಹಿರಿಯರನ್ನು ಕಾಕಾ ಎಂದು ಕರೆಯುತ್ತಿದ್ದೆ. ಮಾತಿನ ನಡುವೆ ಅವರು ತಾಯಿಯ ಕಡೆಯ ತರವಾಡು ಮನೆಯ ವಿಷಯ ತೆಗೆದಾಗ, ನಮ್ಮಲ್ಲೂ ತಾಯಿಯ ಕಡೆಯಿಂದ ಮನೆತನ ನಡೆಯುವ ಅಳಿಯಸಂತಾನ ಉಂಟು ಅಂದೆ. ಅಲ್ಲಿಂದ ನಾನು ಪ್ರವಾಸಿ ಅಲ್ಲ, ನೆಂಟ. ಮನೆಗೆ ಕರೆದು ಅನ್ನ, ಚೂರ ಮೀನಿನ ಸಾರು ಬಡಿಸಿದರು. ಟ್ಯೂನಾ ಅಂದರೆ ಡಬ್ಬಿಯಲ್ಲಿ ಬರುವುದು ಎಂದುಕೊಂಡಿದ್ದವನಿಗೆ ಅದು ಬೇರೆಯೇ ಮೀನು.

ಊಟ ಆದ ಮೇಲೆ ಹಿತ್ತಲಿನ ಬಾವಿ ತೋರಿಸಿದರು. ಆಳವಿಲ್ಲ, ಬಗ್ಗಿದರೆ ಚೊಂಬಿಗೆ ಸಿಗುವಷ್ಟು ಮೇಲೆ ನೀರು. ಒಳಗಿನ ಕಲ್ಲಿನಲ್ಲಿ ಎರಡು ಒದ್ದೆ ಗೆರೆ, ನಡುವೆ ಒಂದು ಗೇಣು. ಕಡಲು ಉಬ್ಬಿದರೆ ಬಾವಿಯ ನೀರೂ ಏರುತ್ತದೆ, ಇಳಿದರೆ ಇಳಿಯುತ್ತದೆ, ಸ್ವಲ್ಪ ತಡವಾಗಿ. ದ್ವೀಪದ ಅಡಿಯಲ್ಲಿ ಉಪ್ಪುನೀರು, ಅದರ ಮೇಲೆ ಮಳೆಯ ಸಿಹಿನೀರು ತೇಲುತ್ತಿರುತ್ತದೆ, ಸಾರಿನ ಮೇಲೆ ಎಣ್ಣೆ ನಿಂತ ಹಾಗೆ. ಪಂಪು ಹಾಕಿ ಒಂದೇ ಸಲ ಎಳೆದರೆ ಕೆಳಗಿನ ಉಪ್ಪು ಮೇಲೆ ಬರುತ್ತದೆ. ಕಡಲ ನೀರನ್ನು ಸಿಹಿ ಮಾಡುವ ಘಟಕ 2024ರಲ್ಲಿ ಬಂದಿದೆ, ದಿನಕ್ಕೆ ಒಂದೂವರೆ ಲಕ್ಷ ಲೀಟರಿನದ್ದು. ಆದರೂ ಕಾಕಾ ಬಾವಿಗೆ ಇಣುಕುವುದು ಬಿಟ್ಟಿಲ್ಲ. ಕೆಳಗಿನ ಗೆರೆ ಕಂಡರೆ ದಿಬ್ಬದ ಮೇಲೆ ನಡೆದು ಹೋಗಿ ಅಪ್ಪಲ್ ಹಿಡಿಯಬಹುದು. ಅಪ್ಪಲ್ ಅಂದರೆ ಆಕ್ಟೋಪಸ್. "ಈಗ ಹೋಗೋಣವಾ?" ಅಂದೆ. ಬಾವಿ ನೋಡಿ ತಲೆಯಾಡಿಸಿದರು. ಚಾಪೆ ಹಾಸಿ ಮಲಗಿದೆವು. ಸಂಜೆ ಎದ್ದಾಗ ನೀರು ಇಳಿದಿತ್ತು, ಹೋದೆವು, ಒಂದೂ ಸಿಗಲಿಲ್ಲ.

ಐದನೇ ದಿನ ಹಡಗು ಬರಲಿಲ್ಲ. ನಾಳೆ ಅಂದರು, ನಾಳೆಯೂ ಬರಲಿಲ್ಲ. ಮೊದಲ ದಿನ ನಾನು ಹುಚ್ಚನ ಹಾಗೆ ಫೋನು ಮಾಡಿದೆ, ಜೆಟ್ಟಿಗೆ ನಾಲ್ಕು ಸಲ ಹೋದೆ, ಆಫೀಸಿಗೆ ಉದ್ದದ ಮೇಲ್ ಬರೆದೆ. ಎರಡನೇ ದಿನ ಬೆಳಿಗ್ಗೆ ಎದ್ದಾಗ ಹೊಸದೊಂದು ಗೊತ್ತಾಯಿತು: ನನಗೆ ಸಿಟ್ಟು ಇಲ್ಲ. ಕಾಯುವುದು ಮಂಗಳೂರಲ್ಲೂ ಉಂಟು. ಆದರೆ ಪಂಪ್‌ವೆಲ್‌ನ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದಾಗ ಆ ಕಡೆಯಿಂದ ಹೋಗಬಹುದಿತ್ತು, ಹತ್ತು ನಿಮಿಷ ಮೊದಲು ಹೊರಡಬಹುದಿತ್ತು ಅಂತ ತಲೆ ಒಳಗೇ ಓಡುತ್ತಿರುತ್ತದೆ. ದಣಿಸುವುದು ಆ ಓಟ. ಕಡಮತ್‌ನಲ್ಲಿ ಬೇರೆ ದಾರಿ ಎಂಬುದೇ ಇಲ್ಲ. ಆಯ್ಕೆ ಮಾಡುವ ಕೆಲಸ ನನ್ನ ಕೈಯಿಂದ ಹೋದ ಮೇಲೆ ಹತ್ತು ವರ್ಷದಲ್ಲಿ ಬಾರದ ನಿದ್ದೆ ಬಂತು. ಮಧ್ಯಾಹ್ನ ಮೂರು ಗಂಟೆ ಮಲಗಿದೆ ಮಾರಾಯ್ರೆ, ಅಲಾರಂ ಇಲ್ಲದೆ.

ಇದನ್ನು ನಾನು ಸಂಭ್ರಮದಿಂದ ಹೇಳಿದಾಗ ಕಾಕಾ ಒಪ್ಪಲಿಲ್ಲ. ಅವರ ಮಗಳ ಹೆರಿಗೆಯ ಸಮಯಕ್ಕೆ ಮಳೆಗಾಲ. ಕಡಲು ಕೆಟ್ಟಿತ್ತು. ದೊಡ್ಡ ಆಸ್ಪತ್ರೆಗೆ ಹೋಗಬೇಕು ಅಂದರೆ ಹೆಲಿಕಾಪ್ಟರು, ಅದಕ್ಕೆ ಆಕಾಶ ತಿಳಿಯಾಗಬೇಕು. ಎರಡು ರಾತ್ರಿ ಕಾದರಂತೆ. ಮಗು ಈಗ ಶಾಲೆಗೆ ಹೋಗುತ್ತದೆ, ಎಲ್ಲ ಸರಿಯಾಯಿತು. "ನೀವು ಹಡಗಿಗೆ ಕಾದದ್ದು" ಅಂದರು, ಮುಂದೆ ಹೇಳಲಿಲ್ಲ. ನಾನೂ ಆ ಮಾತು ಬೆಳೆಸಲಿಲ್ಲ. ವಿಶ್ರಾಂತಿಗೆ ಹೋಗಿ ಎಂದು ಈಗ ಯಾರಿಗೂ ಸುಲಭವಾಗಿ ಹೇಳಲು ಬಾಯಿ ಬರುವುದಿಲ್ಲ. ಹೋಗುವುದೇ ಆದರೆ ಮಳೆಗಾಲ ಬಿಟ್ಟು ಹೋಗಿ. ರಜೆಗೆ ಎರಡು ದಿನ ಹೆಚ್ಚು ಸೇರಿಸಿಕೊಳ್ಳಿ. ಪ್ಲಾಸ್ಟಿಕ್ ವಾಪಸ್ ತನ್ನಿ. ಮದ್ಯ ಅಲ್ಲಿ ಸಿಗುವುದಿಲ್ಲ, ಅದನ್ನೂ ಕೇಳುವವರಿದ್ದಾರೆ.

ಬಂದ ವಾರ ಹಳೆ ಬಂದರಿನ ಕಡೆ ಹೋಗಿದ್ದೆ. ಒಂದು ಮಂಜಿಗೆ ನೀರುಳ್ಳಿ ಏರಿಸುತ್ತಿದ್ದರು. ಕಡಮತ್‌ಗಾ ಅಂತ ಕೇಳಿದೆ, ಹೌದು ಅಂದರು. ಕಾಕಾಗೆ ಅರ್ಧ ಕಿಲೋ ಮೈಸೂರು ಪಾಕ್ ಕೊಟ್ಟು ಕಳಿಸಬಹುದಾ ಅಂದದ್ದಕ್ಕೆ ಆಯಿತು, ತನ್ನಿ ಅಂದರು. ಯಾವಾಗ ಹೊರಡುವುದು? ಹಗ್ಗ ಸುತ್ತುತ್ತಿದ್ದವನು ತಲೆ ಎತ್ತದೆ ಹೇಳಿದ: "ತುಂಬಿದ ಮೇಲೆ."