ಉಳಿದ ಹದಿನಾಲ್ಕು

"ಹಾಗಾದ್ರೆ ಉಳಿದ ಹದಿನಾಲ್ಕು ಏನು ತಪ್ಪು ಮಾಡಿದ್ವು ಡಾಕ್ಟ್ರೇ?"

ಅಪ್ಪ ಹೀಗೆ ಕೇಳಿದ್ದು ಮೊನ್ನೆ ಸೋಮವಾರ. ಆಪರೇಷನ್ನಿನಲ್ಲಿ ತೆಗೆದದ್ದನ್ನು ಲ್ಯಾಬಿನಲ್ಲಿ ಪರೀಕ್ಷಿಸಿದ ಪೆಥಾಲಜಿ ರಿಪೋರ್ಟ್ ಬಂದಿತ್ತು. ತೆಗೆದ ಲಿಂಫ್ ನೋಡ್, ಅಂದರೆ ದುಗ್ಧರಸ ಹರಿಯೋ ದಾರಿಯಲ್ಲಿರೋ ಪುಟ್ಟ ಗ್ರಂಥಿಗಳು, 17; ಕ್ಯಾನ್ಸರ್ ಇದ್ದದ್ದು 3ರಲ್ಲಿ. ಡಾಕ್ಟರು ಹೇಳಿ ಮುಗಿಸೋ ಮೊದಲೇ ಅಪ್ಪ ಕಳೆಯೋ ಲೆಕ್ಕ ಮುಗಿಸಿದ್ದರು. ನಾನು ಮೆಲ್ಲಗೆ ಅವರ ಮೊಣಕೈ ಹಿಡಿದೆ. ಡಾಕ್ಟರು ನಕ್ಕುಬಿಟ್ಟರು.

ಕ್ಯಾನ್ಸರ್ ಅಂತ ಅಪ್ಪನ ಪ್ರಾಸ್ಟೇಟ್, ಗಂಡಸರ ಮೂತ್ರಕೋಶದ ಕೆಳಗಿರೋ ಗ್ರಂಥಿ, ತೆಗೆಸಿ ಐದು ವರ್ಷವಾಯಿತು. ಗ್ರಂಥಿಯೇ ಇಲ್ಲ ಅಂದಮೇಲೆ ಅದು ತಯಾರಿಸೋ ಪಿಎಸ್‌ಎ ಅನ್ನೋ ಪ್ರೋಟೀನ್ ರಕ್ತದಲ್ಲಿ ಅಳತೆಗೇ ಸಿಗಬಾರದು. ಅದು 0.2 ಮುಟ್ಟಿ, ಇನ್ನೊಮ್ಮೆ ನೋಡಿದಾಗಲೂ ಇಳಿಯದಿದ್ದರೆ ಕಾಯಿಲೆ ಮರಳಿದೆ ಅಂತ ಲೆಕ್ಕ. ಅಪ್ಪನದು ಮುಟ್ಟಿತು. ರೇಡಿಯೇಷನ್ ಆಯಿತು, ಸ್ವಲ್ಪ ಕಾಲ ಇಳಿಯಿತು, ಮತ್ತೆ ಏರಿತು. ಆಮೇಲೆ ಪ್ರಾಸ್ಟೇಟ್ ಕ್ಯಾನ್ಸರ್ ಎಲ್ಲಿದೆ ಅಂತ ಹೊಳೆಯಿಸಿ ತೋರಿಸೋ ಪಿಎಸ್‌ಎಂಎ ಪೆಟ್ ಸ್ಕ್ಯಾನ್. ಕಿಬ್ಬೊಟ್ಟೆಯೊಳಗೆ, ಬಲಗಾಲಿಗೆ ಹೋಗೋ ದೊಡ್ಡ ರಕ್ತನಾಳದ ಪಕ್ಕ ಎರಡು ಚುಕ್ಕೆ ಹೊಳೆಯುತ್ತಿದ್ದವು. ಅವನ್ನು ತೆಗೆಯೋಕೇ ಈ ಆಪರೇಷನ್.

ಎರಡೇ. ರಿಪೋರ್ಟಿನಲ್ಲಿ ಮೂರು. ಈ ಒಂದು ಜಾಸ್ತಿ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಕೆಲವೇ ಮಿಲಿಮೀಟರ್ ಇರೋದು ಆ ಸ್ಕ್ಯಾನಿಗೂ ಕಾಣದೆ ಹೋಗಬಹುದು ಅಂತ ಮೊದಲೇ ಹೇಳಿದ್ದರು. ಆವತ್ತು ತಲೆಯಾಡಿಸಿದ್ದೆ. ಕೇಳಿಸಿಕೊಂಡದ್ದು ಸೋಮವಾರ.

ಡಾಕ್ಟರು ಅಪ್ಪನ ಪ್ರಶ್ನೆಯನ್ನು ತಮಾಷೆ ಅಂತ ತಳ್ಳಿಹಾಕಲಿಲ್ಲ. ಅದಕ್ಕೇ ಅವರು ನನಗೆ ಇಷ್ಟ. "ನಾವು ಒಂದೊಂದೇ ಎಣಿಸಿ ಕೀಳಲ್ಲ ಸರ್. ಕಣ್ಣಿಗೆ ಎಲ್ಲಾ ಒಂದೇ ಥರ ಕಾಣ್ತವೆ. ರಕ್ತನಾಳದ ಸುತ್ತ ಇರೋ ಕೊಬ್ಬನ್ನ ಒಟ್ಟಿಗೇ ಬಿಡಿಸಿ ತೆಗೀತೀವಿ. ಅದರೊಳಗೆ ಎಷ್ಟಿತ್ತು ಅಂತ ಲ್ಯಾಬ್‌ನವರು ಎಣಿಸ್ತಾರೆ. ಎರಡೇ ಕಿತ್ತಿದ್ರೆ ಮೂರನೇದು ಅಲ್ಲೇ ಇರ್ತಿತ್ತು, ಅಲ್ವಾ?"

ಅಪ್ಪ ಒಂದು ಗಳಿಗೆ ಸುಮ್ಮನಿದ್ದು, "ನಾಲ್ಕನೇದು?" ಅಂದರು.

ಇದಕ್ಕೆ ಡಾಕ್ಟರು ನಗಲಿಲ್ಲ. "ಇರಬಹುದು" ಅಂದರು.

ಮನೆಗೆ ಬಂದರೆ ಚಿಕ್ಕಪ್ಪನ ಫೋನು. "ಒಟ್ಟಿನಲ್ಲಿ ಎಲ್ಲಾ ಕ್ಲಿಯರ್ ತಾನೇ?" ಚಿಕ್ಕಪ್ಪ ಒಳ್ಳೆಯವರು, ಆದರೆ ಅವರಿಗೆ ಯಾವ ಸುದ್ದಿಯೂ ಒಂದೇ ಪದದಲ್ಲಿ ಬೇಕು. ಈ ಆಪರೇಷನ್ನಿಗೆ ಆ ಪದ ಹೊಂದಲ್ಲ. ಹೆಚ್ಚಿನವರಲ್ಲಿ ಪಿಎಸ್‌ಎ ಒಂದಲ್ಲ ಒಂದು ದಿನ ಮತ್ತೆ ಏರುತ್ತದೆ ಅಂತ ಶುರುವಿಗೇ ಹೇಳಿದ್ದರು. ಇದು ಎಲ್ಲರಿಗೂ ಮಾಡೋ ಮಾಮೂಲಿ ಚಿಕಿತ್ಸೆ ಅಲ್ಲ ಅಂತಲೂ. ಗಂಡು ಹಾರ್ಮೋನ್ ತಗ್ಗಿಸೋ ಇಂಜೆಕ್ಷನ್ ಸ್ವಲ್ಪ ಮುಂದಕ್ಕೆ ಹೋದರೂ ಲಾಭವೇ ಅನ್ನೋದು ಅಪ್ಪನ ವಾದ. ಅದು ಶುರುವಾದರೆ ಮೈಯೆಲ್ಲ ಬಿಸಿಯೇರಿ ಬೆವರೋದು, ಸುಸ್ತು, ಮೂಳೆ ಸವೆಯೋದು. ಕೆಲವು ತಿಂಗಳೋ, ಅದೃಷ್ಟವಿದ್ದರೆ ಕೆಲವು ವರ್ಷವೋ ಅದಿಲ್ಲದೆ ಕಳೆಯೋದಕ್ಕಾಗಿ ಒಬ್ಬ ಮನುಷ್ಯ ಹೊಟ್ಟೆ ಕೊಯ್ಸಿಕೊಳ್ಳುತ್ತಾನೆ. ಅದು ಫೋನಿನಲ್ಲಿ ಹೇಳೋ ವಿಷಯವಲ್ಲ. "ಹೂಂ ಚಿಕ್ಕಪ್ಪ" ಅಂದುಬಿಟ್ಟೆ. ಈಗ ಬೇಜಾರಾಗುತ್ತಿದೆ.

ಆಪರೇಷನ್ ಆದಮೇಲೆ ಹೊಟ್ಟೆಯ ಪಕ್ಕ ಒಂದು ಟ್ಯೂಬು, ಅದರ ತುದಿಗೆ ಚೀಲ. ಲಿಂಫ್ ನೋಡ್ ತೆಗೆದ ಜಾಗದಲ್ಲಿ ಜಿನುಗೋ ದುಗ್ಧರಸ ಅದರಲ್ಲಿ ತುಂಬುತ್ತಿತ್ತು, ತಿಳಿ ಹಳದಿ. ಅಪ್ಪ ದಿನಾ ಬೆಳಿಗ್ಗೆ ಅಳತೆ ನೋಡಿ ಡೈರಿಯಲ್ಲಿ ಬರೆದಿಟ್ಟರು. 180, 140, 90, 35. ಟ್ಯೂಬು ತೆಗೆದ ದಿನ ಆ ಅಂಕಿಗಳ ಕೆಳಗೆ ಗೆರೆ ಎಳೆದರು. ಈಗ ಅದೇ ಡೈರಿಯಲ್ಲಿ ಬಲಗಾಲಿನ ಸುತ್ತಳತೆ. ಊತ ಬರಬಹುದು ಅಂದಿದ್ದಾರಲ್ಲ, ಅದಕ್ಕೆ. ಟೇಪ್ ಹಿಡಿಯೋ ಕೆಲಸ ನನ್ನದು.

ನಿನ್ನೆ ಟೇಪ್ ಸುತ್ತುತ್ತಿದ್ದಾಗ ಮತ್ತೆ, "ಪಾಪ, ಆ ಹದಿನಾಲ್ಕು" ಅಂದರು. ಇಬ್ಬರೂ ನಕ್ಕೆವು. ಮುಂದಿನ ಪಿಎಸ್‌ಎ ಆರು ವಾರಕ್ಕೆ. ರಿಪೋರ್ಟು ನನ್ನ ಫೋನಿಗೇ ಬರುತ್ತದೆ. ಅಪ್ಪನನ್ನು ಬಿಟ್ಟು ತೆರೆಯಬಾರದಂತೆ.