ಸುರಂಗದ ನೀರೇ ನನ್ನ ವಿಷಯ

ಊರು ಕಾಸರಗೋಡಿನ ಪೆರ್ಲದ ಹತ್ತಿರ. ಹತ್ತನೇ ಕ್ಲಾಸಿನವರೆಗೂ ಕನ್ನಡ ಮೀಡಿಯಂ. ಈಗ ಜರ್ಮನಿಯಲ್ಲಿ ಸಿವಿಲ್ ಎಂಜಿನಿಯರಿಂಗ್ ಮಾಸ್ಟರ್ಸ್ ಓದುತ್ತಿದ್ದೇನೆ.

ರಿಸರ್ಚ್‌ಗೆ ನನಗೆ ಬೇಕಿರುವುದು ನಮ್ಮ ಸುರಂಗಗಳು. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದ, ಒಬ್ಬರು ಮಾತ್ರ ನುಸುಳುವಷ್ಟು ಕಿರಿದಾದ ದಾರಿ. ಒಳಗೆ ಕಲ್ಲಿನಿಂದ ನೀರು ಜಿನುಗುತ್ತದೆ, ಇಳಿಜಾರಲ್ಲಿ ತಾನಾಗಿಯೇ ಹರಿದು ಹೊರಗಿನ ಟಾಂಕಿಗೆ ಬೀಳುತ್ತದೆ. ಪಂಪ್ ಬೇಡ, ಕರೆಂಟ್ ಬೇಡ. ಕೊರೆಯುತ್ತಿದ್ದವರು ಗುಡ್ಡದ ಗಿಡಮರ ನೋಡಿಯೇ ನೀರಿನ ಜಾಗ ಹೇಳುತ್ತಿದ್ದರು. ಅವರೂ ಎಂಜಿನಿಯರ್‌ಗಳೇ ಅಲ್ವಾ?

ವರ್ಷಕ್ಕೆ ಸುಮಾರು 3500 ಮಿ.ಮೀ. ಮಳೆ ಬಂದರೂ ಬೇಸಿಗೆಯಲ್ಲಿ ನಮ್ಮಲ್ಲಿ ನೀರಿಗೆ ಕಷ್ಟ. ಬೋರ್‌ವೆಲ್ ಜಾಸ್ತಿ ಇರುವ ಕಡೆ ಸುರಂಗದ ಹರಿವು ಕಡಿಮೆಯಾಗುತ್ತದಾ? ಸೆನ್ಸರ್ ಇಟ್ಟು ವರ್ಷಪೂರ್ತಿ ಅಳೆಯಬೇಕು ಅಂತ ಆಸೆ. ಪ್ರೊಫೆಸರ್ ಒಪ್ಪಿದ್ದಾರೆ. ಮನೆಯಲ್ಲಿ ಸುರಂಗ ಇರುವವರು ದಯವಿಟ್ಟು ಮೆಸೇಜ್ ಮಾಡಿ.