ಕಾರ್ಡ್ ಕೈಗೆ ಬಂದ ಮೇಲೆ

ಕಳೆದ ಆಷಾಢದ ಮಳೆಯಲ್ಲಿ ಕೊಡಗಿನ ಪೊನ್ನಂಪೇಟೆ ತಾಲ್ಲೂಕಿನ ಕಾಫಿ ತೋಟವೊಂದರ ಲೈನ್ ಮನೆಯ, ಅಂದರೆ ಕಾರ್ಮಿಕರ ಸಾಲುಮನೆಯ, ಜಗಲಿಯಲ್ಲಿ ಕುಳಿತು, ಸರ್ಕಾರದ ಆರೋಗ್ಯ ಕಾರ್ಡಿಗಾಗಿ ಎರವ ಸಮುದಾಯದ ಹಿರಿಯ ಮಹಿಳೆಯೊಬ್ಬರ ಹೆಬ್ಬೆರಳನ್ನು ಏಳನೆಯ ಬಾರಿ ಒತ್ತಿಸಿದರೂ ಯಂತ್ರ ಒಪ್ಪಲಿಲ್ಲ. ನಲವತ್ತು ವರ್ಷ ಕಾಫಿ ಕುಯ್ದು, ಮೆಣಸು ಬಿಡಿಸಿ, ಕತ್ತಿ ಹಿಡಿದು ಕಳೆ ಸವರಿದ ಬೆರಳಿನಲ್ಲಿ ಗೆರೆಗಳೇ ಉಳಿದಿರಲಿಲ್ಲ. “ಥಂಬ್ ಬರೋದಿಲ್ಲ ಅಕ್ಕಾ, ಬಿಟ್ಬಿಡಿ” ಎಂದು ಅವರೇ ನನ್ನನ್ನು ಸಮಾಧಾನಪಡಿಸಿದರು. ಕೊನೆಗೆ ನೆಟ್‌ವರ್ಕ್ ಸಿಗುವ ತೋಟದ ಗೇಟಿನವರೆಗೆ ಕೊಡೆ ಹಿಡಿದು ನಡೆದು, ಆಯುಷ್ಮಾನ್ ಆ್ಯಪ್‌ನಲ್ಲಿ ಮುಖ ತೋರಿಸಿ ಗುರುತು ದೃಢಪಡಿಸುವ ವ್ಯವಸ್ಥೆಯಿಂದ ಅವರ ನೋಂದಣಿ ಮುಗಿಸಿದೆವು.

ಬ್ಯಾಂಕಿನ ಕೆಲಸದಿಂದ ನಿವೃತ್ತಳಾದ ಮೇಲೆ, ನಮ್ಮ ಊರಿನ ಆಶಾ ಕಾರ್ಯಕರ್ತೆಯ ಜೊತೆ ಭಾನುವಾರಗಳಲ್ಲಿ ಲೈನ್ ಮನೆಗಳಿಗೂ ಆದಿವಾಸಿಗಳ ಹಾಡಿಗಳಿಗೂ ಹೋಗಿ ಆರೋಗ್ಯ ಕಾರ್ಡ್ ಮಾಡಿಸಿಕೊಡುವುದು ನನ್ನ ಅಭ್ಯಾಸವಾಗಿದೆ. ಅರ್ಜಿ ತುಂಬಿದರೆ ಕೆಲಸ ಮುಗಿಯಿತೆಂದು ಆರಂಭದಲ್ಲಿ ನಾನೂ ನಂಬಿದ್ದೆ. ಆದರೆ ಜನರ ಅಕ್ಕಿ ಡಬ್ಬಿಗಳಿಂದ ಹೊರಬರುತ್ತಿದ್ದ ಹಳೆಯ ಕಾರ್ಡುಗಳನ್ನು ನೋಡಿದಾಗ ವಿಷಯ ಬೇರೆಯೇ ಇದೆ ಎನಿಸಿತು. ಕುಟುಂಬಕ್ಕೆ ವರ್ಷಕ್ಕೆ 30,000 ರೂಪಾಯಿಯ ಮಿತಿಯಿದ್ದ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾದ ಸ್ಮಾರ್ಟ್ ಕಾರ್ಡ್, ಸಹಕಾರ ಸಂಘದ ಯಶಸ್ವಿನಿ ಕಾರ್ಡ್ ಎಲ್ಲವೂ ಅಲ್ಲಿದ್ದವು. ಹೆಸರು ಬದಲಾದಾಗಲೆಲ್ಲ ಸರ್ಕಾರ ಹೊಸ ಕಾರ್ಡ್ ಕೊಟ್ಟಿತು, ಹಳೆಯದು ಇನ್ನು ನಡೆಯುವುದಿಲ್ಲ ಎಂದು ಮನೆ ಬಾಗಿಲಿಗೆ ಬಂದು ಹೇಳಿದವರು ಕಡಿಮೆ.

ಈಗಿರುವ ವ್ಯವಸ್ಥೆ 2018ರದು. ಆ ವರ್ಷದ ಮಾರ್ಚ್‌ನಲ್ಲಿ ರಾಜ್ಯದ ಆರೋಗ್ಯ ಕರ್ನಾಟಕ ಆರಂಭವಾಯಿತು, ಸೆಪ್ಟೆಂಬರ್‌ನಲ್ಲಿ ಕೇಂದ್ರದ ಆಯುಷ್ಮಾನ್ ಭಾರತ್ ಬಂದಿತು, ಅಕ್ಟೋಬರ್ ಕೊನೆಯಲ್ಲಿ ಎರಡೂ ಒಂದಾದವು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ವೆಚ್ಚ ದೊರೆಯುತ್ತದೆ. ಎಪಿಎಲ್ ಕುಟುಂಬಕ್ಕೆ ಸರ್ಕಾರ ನಿಗದಿಪಡಿಸಿದ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷ ರೂಪಾಯಿ ಮೀರದಂತೆ, ಸಿಗುತ್ತದೆ. ಈ ಎರಡನೆಯ ಸಂಗತಿ ನಮ್ಮ ಸಣ್ಣ ಬೆಳೆಗಾರರಿಗೆ ಗೊತ್ತೇ ಇಲ್ಲ. ಎರಡು ಎಕರೆ ಕಾಫಿ ಇಟ್ಟುಕೊಂಡವರು ಕೂಡ ಅದು ಕೂಲಿಯವರ ಕಾರ್ಡ್ ಎಂದು ದೂರ ಸರಿಯುತ್ತಾರೆ, ಆಸ್ಪತ್ರೆಯ ಬಿಲ್ ಬಂದ ದಿನ ಮಾತ್ರ ನನಗೆ ಫೋನ್ ಮಾಡುತ್ತಾರೆ.

ಜನರಿಗೆ ಅತ್ಯಂತ ಕಷ್ಟವಾಗುವುದು ರೆಫರಲ್ ನಿಯಮ. ತುರ್ತಲ್ಲದ ಕಾಯಿಲೆಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆ ಚಿಕಿತ್ಸೆ ಲಭ್ಯವಿಲ್ಲದಿದ್ದರೆ ಅವರು ಬರೆದುಕೊಡುವ ಚೀಟಿಯೊಂದಿಗೆ ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬಹುದು. ನಮ್ಮ ಪಕ್ಕದ ತೋಟದ ಕಾರ್ಮಿಕನೊಬ್ಬ ಮೂತ್ರಪಿಂಡದ ಕಲ್ಲಿಗೆಂದು ಯಾರದೋ ಮಾತು ಕೇಳಿ ನೇರವಾಗಿ ಮೈಸೂರಿನ ಖಾಸಗಿ ಆಸ್ಪತ್ರೆಯೊಂದಕ್ಕೆ ಹೋದ. ಕಿಸೆಯಲ್ಲಿ ಕಾರ್ಡ್ ಇತ್ತು, ಚೀಟಿ ಇರಲಿಲ್ಲ. ಬಿಲ್ ಕಟ್ಟಲು ತೋಟದಿಂದ ಮುಂಗಡ ತೆಗೆದುಕೊಂಡು, ಎರಡು ಕುಯ್ಲು ಮುಗಿದರೂ ಅದನ್ನು ತೀರಿಸುತ್ತಲೇ ಇದ್ದ. ಅವನಿಗೆ ಆ ಕಾರ್ಡನ್ನು ಮಾಡಿಸಿಕೊಟ್ಟವಳು ನಾನೇ, ಹಾಗಾಗಿ ಈ ಲೆಕ್ಕದಲ್ಲಿ ನನ್ನ ಪಾಲೂ ಇದೆ. ಮಡಿಕೇರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಮೊದಲು ಹೋಗು ಎಂಬ ಒಂದು ಮಾತನ್ನು ಅಂದು ನಾನು ಹೇಳಿರಲಿಲ್ಲ.

ಅದರ ಜೊತೆಗೇ ವಿನಾಯಿತಿಯನ್ನೂ ಹೇಳಬೇಕಾಗುತ್ತದೆ. ಹೃದಯಾಘಾತದಂತಹ ತುರ್ತಿನಲ್ಲಿ ಚೀಟಿಗಾಗಿ ಕಾಯಬೇಕಿಲ್ಲ, ಯೋಜನೆ ಜಾರಿಯಾದಾಗಲೇ 171 ಬಗೆಯ ತುರ್ತು ಚಿಕಿತ್ಸೆಗಳಿಗೆ ನೇರ ದಾಖಲಾತಿಯ ಅವಕಾಶವನ್ನು ಕೊಡಲಾಗಿತ್ತು. ಆದರೆ ಬಿಪಿ, ಸಕ್ಕರೆ ಕಾಯಿಲೆಯ ದಿನನಿತ್ಯದ ಮಾತ್ರೆಗೆ ಈ ಕಾರ್ಡ್ ಅಲ್ಲ, ಅದಕ್ಕೆ ಪ್ರಾಥಮಿಕ ಆರೋಗ್ಯ ಕೇಂದ್ರವಿದೆ. ಇನ್ನೊಂದು ಗೊಂದಲವನ್ನು ಸರ್ಕಾರವೇ ತಂದಿಟ್ಟಿತು: 14 ಅಂಕಿಗಳ ಆಭಾ ಸಂಖ್ಯೆಯ ಕಾರ್ಡನ್ನು ಹಿಡಿದು, ತಮಗೆ 5 ಲಕ್ಷದ ರಕ್ಷಣೆ ಇದೆ ಎಂದು ನಿಶ್ಚಿಂತೆಯಿಂದ ಇದ್ದವರನ್ನು ನಾನು ಬಹಳ ಕಂಡಿದ್ದೇನೆ. ಆಭಾ ಎಂಬುದು ವೈದ್ಯಕೀಯ ದಾಖಲೆಗಳನ್ನು ಜೋಡಿಸುವ ಸಂಖ್ಯೆ, ಅದರಿಂದ ಒಂದು ರೂಪಾಯಿಯ ಚಿಕಿತ್ಸೆಯೂ ಸಿಗುವುದಿಲ್ಲ. ಎರಡರ ಮೇಲೂ ಆಯುಷ್ಮಾನ್ ಎಂದು ಬರೆದರೆ ಓದುಬರಹ ಬಲ್ಲವರೂ ಮೋಸಹೋಗುತ್ತಾರೆ.

ಕಾರ್ಡೇ ಆಗದವರ ಕಥೆ ಇನ್ನೂ ಕಠಿಣ. ಲೈನ್ ಮನೆಯಲ್ಲಿ ಇರುವವರಿಗೆ ವಿಳಾಸದ ಪುರಾವೆ ಬೇಕೆಂದರೆ ತೋಟದ ಮಾಲೀಕರು ಪತ್ರ ಕೊಡಬೇಕು, ನಾಳೆ ಇವರು ಮನೆಯ ಮೇಲೆ ಹಕ್ಕು ಕೇಳಿಯಾರೆಂಬ ಅಳುಕಿನಿಂದ ಕೆಲವರು ಕೊಡುವುದಿಲ್ಲ. ವಿಳಾಸವಿಲ್ಲದೆ ಆಧಾರ್ ತಿದ್ದುಪಡಿ ಆಗುವುದಿಲ್ಲ, ಆಧಾರ್ ಸರಿಯಿಲ್ಲದೆ ಪಡಿತರ ಚೀಟಿಯಲ್ಲಿ ಹೆಸರು ಸೇರುವುದಿಲ್ಲ, ಅಲ್ಲಿ ಹೆಸರಿಲ್ಲದೆ ಬಿಪಿಎಲ್ ಲೆಕ್ಕಕ್ಕೆ ಬರುವುದಿಲ್ಲ. ಕಾರ್ಮಿಕರ ಚಿಕಿತ್ಸೆಯ ಹೊಣೆಯನ್ನು ಮಾಲೀಕರ ಮೇಲಿಟ್ಟ 1951ರ ತೋಟ ಕಾರ್ಮಿಕರ ಕಾಯ್ದೆಯೂ 5 ಹೆಕ್ಟೇರ್ ವಿಸ್ತೀರ್ಣ ಮತ್ತು 15 ಕಾರ್ಮಿಕರ ಮಿತಿಯನ್ನು ಹಾಕಿಕೊಂಡಿತ್ತು, ಕೊಡಗಿನ ಎಷ್ಟೋ ತೋಟಗಳು ಅದಕ್ಕಿಂತ ಚಿಕ್ಕವು. ಅಸ್ಸಾಮಿನಿಂದ ಬಂದವರ ವಿಷಯದಲ್ಲಿ ಮಾತ್ರ ದಾರಿ ಸ್ವಲ್ಪ ಸುಲಭ: ಅವರ ಊರಿನಲ್ಲಿ ಮಾಡಿಸಿದ ಆಯುಷ್ಮಾನ್ ಕಾರ್ಡ್ ಇಲ್ಲಿನ ನೋಂದಾಯಿತ ಆಸ್ಪತ್ರೆಯಲ್ಲೂ ನಡೆಯುತ್ತದೆ. ಹಾಗೆಂದು ಅವರಿಗೆ ತಿಳಿಸುವುದಕ್ಕೆ ನನಗೆ ಅವರ ಭಾಷೆ ಬರುವುದಿಲ್ಲ, ತೋಟದ ಲೆಕ್ಕ ಬರೆಯುವ ರೈಟರ್ ತನಗೆ ಬರುವ ಅರ್ಧ ಹಿಂದಿಯಲ್ಲಿ ಹೇಳುತ್ತಾನೆ.

ಈಗ ನಾವು ಕಾರ್ಡ್ ಕೊಡುವಾಗ ಅದರ ಹಿಂಬದಿಯಲ್ಲಿ ದಪ್ಪ ಪೆನ್ನಿನಿಂದ ಬರೆಯುತ್ತೇವೆ: ಮೊದಲು ಸರ್ಕಾರಿ ಆಸ್ಪತ್ರೆ, ಚೀಟಿ ಕೇಳು, ಆರೋಗ್ಯ ಮಿತ್ರರನ್ನು (ಆಸ್ಪತ್ರೆಯಲ್ಲಿ ಯೋಜನೆಯ ಬಗ್ಗೆ ನೆರವಾಗುವವರು) ನೋಡು, ಎದೆನೋವಾದರೆ ಕಾಯಬೇಡ. ಮನೆಯಲ್ಲಿ ಶಾಲೆಗೆ ಹೋಗುವ ಮಗುವಿದ್ದರೆ ಅದನ್ನು ಕರೆದು, ಅಜ್ಜಿಗೆ ಕೇಳಿಸುವಂತೆ ಎರಡು ಬಾರಿ ಓದಿಸುತ್ತೇವೆ. ಕಳೆದ ಭಾನುವಾರ ಹೀಗೆ ಓದಿದ ಹುಡುಗಿ ತಲೆ ಎತ್ತಿ, ಸರ್ಕಾರಿ ಆಸ್ಪತ್ರೆಗೆ ಹೋಗಲು ಬಸ್ ಎಷ್ಟು ಗಂಟೆಗೆ ಎಂದು ಕೇಳಿದಳು. ಅದನ್ನೂ ಬರೆದುಕೊಟ್ಟೆವು.